ಕೇಳುವ ಹಕ್ಕು, ಹೇಳುವ ಹೊಣೆ

ಮಹಾಭಾರತದ ಸಭಾಪರ್ವದಲ್ಲಿ ಒಂದು ಪ್ರಸಂಗವಿದೆ. ಮಯನು ಕಟ್ಟಿಕೊಟ್ಟ ಹೊಸ ಸಭಾಭವನದಲ್ಲಿ ಧರ್ಮರಾಯನು ತಮ್ಮಂದಿರೊಡನೆ ಕುಳಿತಿರುವಾಗ ನಾರದರು ಆಗಮಿಸುತ್ತಾರೆ. ಅರ್ಘ್ಯಪಾದ್ಯಗಳೆಲ್ಲ ಮುಗಿದ ಮೇಲೆ ಅವರು ಕುಶಲಪ್ರಶ್ನೆಗೆ ತೊಡಗುತ್ತಾರೆ. ಹೆಸರಿಗೆ ಅದು ಕುಶಲಪ್ರಶ್ನೆ. ಆದರೆ ಅಧ್ಯಾಯವೊಂದನ್ನೇ ತುಂಬುವಷ್ಟು ದೀರ್ಘವಾದ ಆ ಪ್ರಶ್ನಾವಳಿಯಲ್ಲಿ ಅರಸನ ಮೈಯ ಕುಶಲಕ್ಕಿಂತ ರಾಜ್ಯದ ಕುಶಲವೇ ಹೆಚ್ಚು. ನಿನ್ನ ಖರ್ಚು ನಿನ್ನ ಆದಾಯದ ಒಂದು ಪಾಲಿನೊಳಗೇ ನಿಲ್ಲುತ್ತಿದೆಯಷ್ಟೆ? ಕರಣಿಕರು ದಿನದಿನವೂ ಪೂರ್ವಾಹ್ಣದಲ್ಲಿಯೇ ಲೆಕ್ಕ ಒಪ್ಪಿಸುತ್ತಿದ್ದಾರಷ್ಟೆ? ಕೆರೆಗಳು ತುಂಬಿವೆಯೇ, ಬೇಸಾಯ ಮಳೆಯೊಂದನ್ನೇ ನಂಬಿ ಕೂತಿಲ್ಲವಷ್ಟೆ? ರೈತನಿಗೆ ಬೀಜಕ್ಕೂ ಊಟಕ್ಕೂ ಕೊರತೆಯಿಲ್ಲವಷ್ಟೆ? ನಮ್ಮ ಕುಮಾರವ್ಯಾಸನೂ ತನ್ನ ಸಭಾಪರ್ವದ ಮೊದಲಲ್ಲಿಯೇ ಈ ಸಂದರ್ಭವನ್ನು ಭಾಮಿನಿಯಲ್ಲಿ ವಿಸ್ತರಿಸಿದ್ದಾನೆ. ಗಮಕಿಗಳ ಬಾಯಲ್ಲಿ ಅದನ್ನು ಕೇಳಿದವರು ನಮ್ಮಲ್ಲಿ ಅನೇಕರಿದ್ದಾರೆ.

ಈ ಪ್ರಸಂಗದಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಒಂದು ಶಬ್ದ: ಆಯವ್ಯಯ. ಇಂದು ವರ್ಷಕ್ಕೊಮ್ಮೆ ವಿಧಾನಸಭೆಯಲ್ಲಿ ಮಂಡಿತವಾಗುವ ಮುಂಗಡಪತ್ರಕ್ಕೆ ನಾವು ಬಳಸುವ ಶಬ್ದವನ್ನೇ ನಾರದರು ಅಂದು ಬಳಸಿದ್ದಾರೆ. ಶಬ್ದ ಹಳೆಯದು, ಪ್ರಶ್ನೆಗಳೂ ಹಳೆಯವು. ಬದಲಾದದ್ದು ಪ್ರಶ್ನೆ ಕೇಳುವವನ ಸ್ಥಾನ. ನಾರದರು ಕೇಳಿದ್ದು ತಪಸ್ಸಿನ ಬಲದಿಂದ. ಧರ್ಮರಾಯ ಕಿವಿಗೊಟ್ಟದ್ದು ತನ್ನ ಸೌಜನ್ಯದಿಂದ. ಎಲ್ಲವನ್ನೂ ಕೇಳಿದ ಮೇಲೆ, ತಾವು ಹೇಳಿದಂತೆಯೇ ನಡೆಯುತ್ತೇನೆ ಎಂದು ಆತ ವಿನಯದಿಂದ ಒಪ್ಪಿಕೊಂಡ. ಒಪ್ಪದೆ ಇದ್ದಿದ್ದರೆ ನಾರದರು ವೀಣೆಯನ್ನೆತ್ತಿಕೊಂಡು ಹೊರಡಬೇಕಾಗಿತ್ತು. ಒಳ್ಳೆಯ ಅರಸನ ಕಾಲದಲ್ಲಿ ಪ್ರಶ್ನೆ ಬದುಕುತ್ತದೆ, ಕೆಟ್ಟ ಅರಸನ ಕಾಲದಲ್ಲಿ ಸಾಯುತ್ತದೆ. ಪ್ರಶ್ನೆ ಕೇಳುವುದನ್ನು ಅರಸನ ಸೌಜನ್ಯದಿಂದ ಬಿಡಿಸಿ ಪ್ರಜೆಯ ಹಕ್ಕನ್ನಾಗಿ ಮಾಡಲು ಮನುಷ್ಯಕುಲ ಬಹುಕಾಲ ಶ್ರಮಿಸಬೇಕಾಯಿತು. ಆ ಹಕ್ಕು ನಮ್ಮ ಶಾಸನಸಭೆಗಳಲ್ಲಿ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ದಾಖಲೆಗೆ ಸಿಕ್ಕಿರುವ ಮೊದಲ ಪ್ರಶ್ನೆ 1721ನೆಯ ಇಸವಿಯದು. ಸೌತ್ ಸೀ ಕಂಪೆನಿ ಎಂಬ ವ್ಯಾಪಾರ ಸಂಸ್ಥೆ ಮುಗ್ಗರಿಸಿ ಸಾವಿರಾರು ಜನರ ಹಣ ಮುಳುಗಿಹೋಗಿತ್ತು. ಅದರ ಖಜಾಂಚಿ ದೇಶ ಬಿಟ್ಟು ಓಡಿಹೋಗಿದ್ದ. ಅವನು ಸೆರೆ ಸಿಕ್ಕಿದ್ದಾನೆಂಬ ಸುದ್ದಿ ನಿಜವೇ ಎಂದು ಪ್ರಭುಗಳ ಸಭೆಯಲ್ಲಿ ಅರ್ಲ್ ಕೌಪರ್ ಸರ್ಕಾರವನ್ನು ಕೇಳಿದ. ನೋಡಿ, ಮೊದಲ ಪ್ರಶ್ನೆಯೇ ಹಣದ ವಿಷಯ!

ನಮ್ಮ ದೇಶದಲ್ಲಿ ವೈಸರಾಯರ ಶಾಸನಸಭೆಯ ಸದಸ್ಯರಿಗೆ ಪ್ರಶ್ನೆ ಕೇಳುವ ಅವಕಾಶ ದೊರೆತದ್ದು 1892ರ ಕಾಯಿದೆಯಿಂದ. ಮರುವರ್ಷ, 1893ರ ಫೆಬ್ರವರಿ 16ರಂದು, ಭಿಂಗಾ ಸಂಸ್ಥಾನದ ರಾಜರು ಮೊದಲ ಪ್ರಶ್ನೆಯನ್ನು ಕೇಳಿದರು. ಪ್ರವಾಸ ಹೊರಟ ಸರ್ಕಾರಿ ಅಧಿಕಾರಿಗಳ ಪರಿವಾರಕ್ಕೆ ದಿನಸಿ ಸಾಮಗ್ರಿ ಒದಗಿಸಿ ಹಳ್ಳಿಯ ಅಂಗಡಿಕಾರರು ಕಷ್ಟಕ್ಕೀಡಾಗುತ್ತಿದ್ದಾರಲ್ಲ ಎಂಬುದು ಅದರ ವಿಷಯ. ಸಾಮ್ರಾಜ್ಯದ ಅತ್ಯುನ್ನತ ಸಭೆಯಲ್ಲಿ ಎದ್ದ ಮೊದಲ ಪ್ರಶ್ನೆ ಹಳ್ಳಿಯ ಅಂಗಡಿಯ ಅಕ್ಕಿಬೇಳೆಯದು ಎಂಬುದನ್ನು ನೆನೆದಾಗ ನನಗೆ ಒಂದು ಬಗೆಯ ಸಂತೋಷವಾಗುತ್ತದೆ. ಆದರೆ ಆಗ ಕೊಟ್ಟ ಉತ್ತರದ ಮೇಲೆ ಮತ್ತೊಂದು ಪ್ರಶ್ನೆ ಕೇಳುವಂತಿರಲಿಲ್ಲ. ಆ ಅವಕಾಶ ಬಂದದ್ದು 1909ರ ಸುಧಾರಣೆಗಳಲ್ಲಿ. ಅದೂ ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ.

ಆಯವ್ಯಯವನ್ನು ಚರ್ಚಿಸಬಹುದು, ಮತ ಹಾಕುವಂತಿಲ್ಲ ಎಂಬಂಥ ಆ ಕಾಲದಲ್ಲಿಯೇ, 1902ರಲ್ಲಿ, ಗೋಪಾಲಕೃಷ್ಣ ಗೋಖಲೆಯವರು ತಮ್ಮ ಮೊದಲ ಆಯವ್ಯಯ ಭಾಷಣ ಮಾಡಿದರು. ಸರ್ಕಾರ ಉಳಿತಾಯ ತೋರಿಸಿ ಬೀಗುತ್ತಿತ್ತು. ಜನ ಕ್ಷಾಮದಿಂದ ಬಳಲಿರುವಾಗ ಬೊಕ್ಕಸದಲ್ಲಿ ಹಣ ಉಳಿದಿದೆಯೆಂದರೆ ಅದು ಹೆಮ್ಮೆಯ ವಿಷಯವಲ್ಲ, ಬೇಕಾದದ್ದಕ್ಕಿಂತ ಹೆಚ್ಚು ತೆರಿಗೆ ಎತ್ತಿದ್ದೀರಿ ಎಂಬುದಕ್ಕೆ ಸಾಕ್ಷಿ ಎಂದು ಅವರು ಸರ್ಕಾರದ ಅಂಕಿಗಳಿಂದಲೇ ತೋರಿಸಿಕೊಟ್ಟರು. ಬಡವನ ಉಪ್ಪಿನ ಮೇಲಿನ ಸುಂಕವನ್ನು ಇಳಿಸಿರೆಂದು ಕೇಳಿದರು. 1903ರಲ್ಲಿ ಮಣಕ್ಕೆ ಎರಡೂವರೆ ರೂಪಾಯಿ ಇದ್ದ ಉಪ್ಪಿನ ಸುಂಕ ಎರಡು ರೂಪಾಯಿಗೆ ಇಳಿಯಿತು. ಮುಂದೆ ಇನ್ನೂ ಇಳಿಯಿತು. ಮತದ ಬಲವಿಲ್ಲದ ಮಾತಿಗೂ ಅಂಕಿಯ ಬಲವಿದ್ದರೆ ತೂಕ ಬರುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ಮೈಸೂರಿನ ಕಥೆ ಇದಕ್ಕಿಂತ ಹಿಂದಿನದು. 1881ರ ಅಕ್ಟೋಬರಿನಲ್ಲಿ, ದಸರೆಯ ಸಂದರ್ಭದಲ್ಲಿ, ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನವನ್ನು ನೆರವೇರಿಸಿದರು. ಬಂದ ಪ್ರತಿನಿಧಿಗಳು 144 ಮಂದಿ. ದಿವಾನರು ಸಂಸ್ಥಾನದ ಆದಾಯ ಖರ್ಚುಗಳನ್ನು ಅವರ ಮುಂದೆ ಓದಿ ಹೇಳಿದರು. ತಾಲ್ಲೂಕುಗಳಿಂದ ಬಂದವರು ತಮ್ಮ ಕೆರೆ, ರಸ್ತೆ, ಶಾಲೆ, ಕಂದಾಯಗಳ ವಿಷಯವನ್ನು ಅರಿಕೆ ಮಾಡಿಕೊಳ್ಳುವ ಪದ್ಧತಿ ಅಲ್ಲಿಂದ ಬೆಳೆಯಿತು. ಈ ಅರಿಕೆ ಎಂಬ ಮಾತನ್ನು ಗಮನಿಸಬೇಕು. ಅರಿಕೆಯಲ್ಲಿ ಕೈ ಮುಗಿದಿರುತ್ತದೆ. ದಿವಾನರು ಒಪ್ಪಿದರೆ ಆದೀತು, ಇಲ್ಲದಿದ್ದರೆ ಬರುವ ದಸರೆಗೆ ಮತ್ತೆ ಅರಿಕೆ. 1923ರ ಸುಧಾರಣೆಗಳಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾಯಿದೆಯ ಆಧಾರ ದೊರೆಯಿತು. 1907ರಲ್ಲಿ ಸ್ಥಾಪಿತವಾಗಿದ್ದ ನ್ಯಾಯವಿಧಾಯಕ ಸಭೆಗೆ ಖರ್ಚಿನ ಬಾಬುಗಳ ಮೇಲೆ ಮತ ಹಾಕುವ ಅಧಿಕಾರ ಬಂತು. ನಮ್ಮ ಡಿ.ವಿ.ಜಿ.ಯವರು ಈ ನ್ಯಾಯವಿಧಾಯಕ ಸಭೆಯಲ್ಲಿ ಹಲವು ವರ್ಷ ಸದಸ್ಯರಾಗಿದ್ದರೆಂಬುದನ್ನು ಸಾಹಿತ್ಯಾಸಕ್ತರು ಬಲ್ಲರು.

1950ರ ಸಂವಿಧಾನ ಈ ಸಂಬಂಧವನ್ನು ತಲೆಕೆಳಗು ಮಾಡಿತು. ಈಗ ಖರ್ಚಿಗೆ ಹಣ ಬೇಕಾದರೆ ಸರ್ಕಾರವೇ ಸಭೆಯ ಮುಂದೆ ಬರಬೇಕು. ಪ್ರತಿಯೊಂದು ಇಲಾಖೆಯ ಖರ್ಚೂ ಒಂದೊಂದು ‘ಅನುದಾನದ ಬೇಡಿಕೆ’ಯಾಗಿ ಬರುತ್ತದೆ. ಬೇಡುವವರು ಮಂತ್ರಿಗಳು, ಕೊಡುವವರು ಪ್ರಜೆಗಳ ಪ್ರತಿನಿಧಿಗಳು. ಅರಿಕೆಯ ದಿಕ್ಕು ಬದಲಾಯಿತು. ಸಭೆ ಒಪ್ಪಿ, ಧನವಿನಿಯೋಗ ಕಾಯಿದೆಯಾಗದೆ ಸಂಚಿತ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಕೊಡುವವನಿಗೆ ಕೇಳುವ ಹಕ್ಕು ಸಹಜವಾಗಿಯೇ ಇರುತ್ತದೆ. ಮನೆಯಲ್ಲಿ ಮಗ ಹಣ ಕೇಳಿದರೆ, ಹಿಂದೆ ಕೊಟ್ಟದ್ದು ಏನಾಯಿತೆಂದು ಕೇಳದೆ ಕೊಡುವ ತಂದೆ ತಾಯಿ ಎಷ್ಟು ಜನ?

ಇನ್ನು ಪ್ರಶ್ನೆ ಹೇಗೆ ಹುಟ್ಟಿ ಹೇಗೆ ಬೆಳೆಯುತ್ತದೆ ಎಂಬುದನ್ನು ನೋಡೋಣ. ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸಭೆಯಲ್ಲಿ ಎದ್ದುನಿಂತು ಉತ್ತರಿಸಬೇಕು; ಅದರ ಮೇಲೆ ಉಪಪ್ರಶ್ನೆಗಳನ್ನು ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರವಷ್ಟೆ. ಲೋಕಸಭೆಯಲ್ಲಿ ಒಂದು ದಿನದ ಪಟ್ಟಿಗೆ 20 ಚುಕ್ಕೆ ಗುರುತಿನ ಪ್ರಶ್ನೆಗಳನ್ನು ಚೀಟಿ ಎತ್ತಿ ಆರಿಸುತ್ತಾರೆ. ನಿಗದಿಯಾದ ಒಂದು ಗಂಟೆಯಲ್ಲಿ ಅವುಗಳಲ್ಲಿ ಬಾಯಿಮಾತಿನ ಉತ್ತರ ಕಾಣುವುದು ಅನೇಕ ವೇಳೆ ಐದಾರು ಮಾತ್ರ.

ಪ್ರಶ್ನೆಯ ಭಾಷೆಗೂ ನಿಯಮಗಳಿವೆ. ಲೋಕಸಭೆಯ ನಿಯಮಗಳ ಪ್ರಕಾರ ಪ್ರಶ್ನೆ 150 ಶಬ್ದಗಳನ್ನು ಮೀರಕೂಡದು. ಅದರಲ್ಲಿ ವಾದ ಇರಬಾರದು, ಊಹೆ ಇರಬಾರದು, ವ್ಯಂಗ್ಯ ಇರಬಾರದು, ಬಣ್ಣ ಹಚ್ಚುವ ವಿಶೇಷಣಗಳಿರಬಾರದು. ಅಭಿಪ್ರಾಯ ಕೇಳಬಾರದು, ಸಂಗತಿ ಕೇಳಬೇಕು. ನಮ್ಮ ಅಲಂಕಾರಶಾಸ್ತ್ರ ಯಾವುದನ್ನು ಗುಣವೆಂದು ಎಣಿಸಿತೋ ಅದೆಲ್ಲ ಇಲ್ಲಿ ದೋಷ! ಆದರೆ ಇದರಲ್ಲಿ ಒಂದು ವಿವೇಕವಿದೆ. ವ್ಯಂಗ್ಯಕ್ಕೆ ವ್ಯಂಗ್ಯದಿಂದ ಉತ್ತರ ಕೊಟ್ಟು ಪಾರಾಗಬಹುದು. ಆಪಾದನೆಗೆ ಪ್ರತ್ಯಾಪಾದನೆ ಮಾಡಬಹುದು. ಇಂಥ ಕೆಲಸಕ್ಕೆ ಎಷ್ಟು ಹಣ, ಯಾವ ತಾರೀಖಿನಲ್ಲಿ, ಯಾರಿಗೆ ಎಂಬ ಸರಳ ಪ್ರಶ್ನೆಯಿಂದ ಪಾರಾಗುವುದು ಕಷ್ಟ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. (ಅ) ಇಂಥ ಗ್ರಾಮದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರ ಹುದ್ದೆ ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಎಂದಿನಿಂದ ಖಾಲಿ ಇದೆ? (ಇ) ಕಳೆದ ಮೂರು ವರ್ಷಗಳಲ್ಲಿ ಈ ಕೇಂದ್ರದ ಔಷಧಗಳಿಗೆ ಒದಗಿಸಿದ ಹಣವೆಷ್ಟು, ಬಿಡುಗಡೆಯಾದದ್ದೆಷ್ಟು, ವೆಚ್ಚವಾದದ್ದೆಷ್ಟು? ನಮ್ಮ ವಿಧಾನಸಭೆಯ ಉತ್ತರಗಳನ್ನು ಓದಿದವರಿಗೆ ಮುಂದಿನ ಭಾಗ ಪರಿಚಿತ. (ಅ)ಗೆ ಒಂದೇ ಶಬ್ದ: ‘ಬಂದಿದೆ’. ಅಥವಾ ‘ಬಂದಿರುವುದಿಲ್ಲ’. ಬಂದಿರುವುದಿಲ್ಲವೆಂದರೆ (ಆ)ಗೆ ಉತ್ತರ: ‘ಉದ್ಭವಿಸುವುದಿಲ್ಲ’. ವೈದ್ಯರನ್ನು ಯಾವಾಗ ಕಳುಹಿಸುತ್ತೀರೆಂದರೆ, ‘ಪರಿಶೀಲನೆಯಲ್ಲಿದೆ’. ಕಟ್ಟಡ ಯಾವಾಗ ದುರಸ್ತಿಯಾಗುತ್ತದೆಂದರೆ, ‘ಅನುದಾನದ ಲಭ್ಯತೆಗನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು’. ಕ್ರಿಯಾಪದವುಂಟು, ಕರ್ತೃ ಇಲ್ಲ. ಯಾರು ಕೈಗೊಳ್ಳುತ್ತಾರೆ? ಎಂದು? ವ್ಯಾಕರಣವನ್ನು ಪಾಠ ಹೇಳಿದವನಾದ ನನಗೆ ಈ ಕರ್ಮಣಿ ಪ್ರಯೋಗದ ಮೇಲೆ ಸ್ವಲ್ಪ ಅಸಮಾಧಾನವಿದೆ. ಹೊಣೆಗಾರನನ್ನು ವಾಕ್ಯದಿಂದ ಹೊರಗಿಡಲು ಇದಕ್ಕಿಂತ ಸುಲಭವಾದ ಉಪಾಯ ಕನ್ನಡದಲ್ಲಿ ಮತ್ತೊಂದಿಲ್ಲ.

ಆದರೂ ಆ ಪ್ರಶ್ನೆ ವ್ಯರ್ಥವಾಯಿತೆಂದು ತಿಳಿಯಬಾರದು. ಒದಗಿಸಿದ್ದು, ಬಿಡುಗಡೆಯಾದದ್ದು, ವೆಚ್ಚವಾದದ್ದು, ಈ ಮೂರು ಅಂಕಿಗಳು ಒಂದೇ ಅಲ್ಲ. ಆಯವ್ಯಯದಲ್ಲಿ ಒದಗಿಸಿದ್ದು ಒಂದು ಭರವಸೆ. ಬಿಡುಗಡೆಯಾಗುವುದು ಹಣಕಾಸು ಇಲಾಖೆಯ ಕೈ ಸಡಿಲಿದಾಗ. ವೆಚ್ಚವಾಗುವುದು ಎಷ್ಟೋ ಸಲ ಮಾರ್ಚ್ ತಿಂಗಳ ಕೊನೆಯ ದಿನಗಳಲ್ಲಿ, ವರ್ಷ ಮುಗಿದರೆ ಹಣ ವಾಪಸು ಹೋದೀತೆಂಬ ತರಾತುರಿಯಲ್ಲಿ. ಪತ್ರಿಕೆಗಳ ಮೊದಲ ಪುಟದಲ್ಲಿ ನಾವು ಓದುವುದು ಮೊದಲನೆಯ ಅಂಕಿ. ರೋಗಿಗೆ ದಕ್ಕುವುದು ಮೂರನೆಯದು. ಇವುಗಳ ನಡುವಿನ ಅಂತರವನ್ನು ಬಾಯಿ ಬಿಡಿಸುವುದೇ ಒಳ್ಳೆಯ ಸದಸ್ಯನ ಕೌಶಲ.

ಮತ್ತೊಂದು ಸಂಗತಿ. ಪ್ರಶ್ನೆ ಒಪ್ಪಿತವಾದೊಡನೆ ಅದು ಇಲಾಖೆಗೆ, ಜಿಲ್ಲೆಗೆ, ತಾಲ್ಲೂಕಿಗೆ ಇಳಿದುಬರುತ್ತದೆ. ಬಹುಕಾಲ ಯಾರೂ ಮುಟ್ಟದ ಕಡತವನ್ನು ಯಾರೋ ಒಬ್ಬರು ಧೂಳು ಕೊಡವಿ ತೆರೆಯಬೇಕಾಗುತ್ತದೆ. ಉಪಪ್ರಶ್ನೆ ಏನು ಬಂದೀತೆಂದು ಊಹಿಸಿ ಮಂತ್ರಿಗಳಿಗೆ ಟಿಪ್ಪಣಿ ಸಿದ್ಧಪಡಿಸಬೇಕಾಗುತ್ತದೆ. ಆ ಹೊತ್ತಿಗೆ ಎಷ್ಟೋ ತಪ್ಪುಗಳು ತಾವಾಗಿಯೇ ನೇರವಾಗುತ್ತವೆ. ಪ್ರಶ್ನೆಯ ಅರ್ಧ ಕೆಲಸ ಉತ್ತರಕ್ಕಿಂತ ಮುಂಚೆಯೇ, ಸಭೆಯ ಹೊರಗೆ ನಡೆದುಹೋಗಿರುತ್ತದೆ.

ಇನ್ನರ್ಧ ಕೆಲಸ ನಡೆಯುವುದು ಉಪಪ್ರಶ್ನೆಯಲ್ಲಿ. ಇದಕ್ಕೆ ನಮ್ಮ ದೇಶದ ಪ್ರಸಿದ್ಧ ನಿದರ್ಶನ 1957ರದು. ಜೀವವಿಮೆಯನ್ನು ರಾಷ್ಟ್ರೀಕರಿಸಿ 1956ರಲ್ಲಿ ಜೀವವಿಮಾ ನಿಗಮವನ್ನು ಸ್ಥಾಪಿಸಲಾಗಿತ್ತು. ಮರುವರ್ಷ ಆ ನಿಗಮ ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಆರು ಕಂಪೆನಿಗಳ ಷೇರುಗಳನ್ನು ಸುಮಾರು 1 ಕೋಟಿ 24 ಲಕ್ಷ ರೂಪಾಯಿ ಕೊಟ್ಟು ಕೊಂಡಿತು. ಈ ವಿಷಯ ಲೋಕಸಭೆಯಲ್ಲಿ ಮೊದಲು ಪ್ರಶ್ನೆಯ ರೂಪದಲ್ಲಿ ಬಂದಾಗ ನುಣುಚಿಕೊಳ್ಳುವಂಥ ಉತ್ತರ ದೊರೆಯಿತು. ಸದಸ್ಯರು ಬಿಡಲಿಲ್ಲ. ಮತ್ತೆ ಕೇಳಿದರು. ಡಿಸೆಂಬರಿನಲ್ಲಿ ಫಿರೋಜ್ ಗಾಂಧಿಯವರು ಚರ್ಚೆ ಎತ್ತಿ, ಕೊಂಡ ದಿನಗಳ ಮಾರುಕಟ್ಟೆ ದರವನ್ನೂ ನಿಗಮ ಕೊಟ್ಟ ಬೆಲೆಯನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಅವರು ವಿರೋಧ ಪಕ್ಷದವರಲ್ಲ, ಆಳುವ ಕಾಂಗ್ರೆಸ್ಸಿನವರು. ಪ್ರಧಾನಿ ನೆಹರೂ ಅವರ ಅಳಿಯ. ಮುಂಬಯಿಯ ಮುಖ್ಯ ನ್ಯಾಯಾಧೀಶ ಎಂ. ಸಿ. ಛಾಗ್ಲಾ ಅವರ ಆಯೋಗ ಬಹಿರಂಗ ವಿಚಾರಣೆ ನಡೆಸಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ವಿಮೆಯ ಕಂತು ಕಟ್ಟಿದ್ದ ಅಸಂಖ್ಯಾತ ಗುಮಾಸ್ತರು, ಉಪಾಧ್ಯಾಯರು ತಮ್ಮ ಹಣದ ಗತಿಯನ್ನು ತಿಳಿದದ್ದು ಒಂದು ಪ್ರಶ್ನೆಯ ಬೆನ್ನು ಹತ್ತಿ ಬಂದ ಉಪಪ್ರಶ್ನೆಗಳಿಂದ.

ನಮ್ಮ ನಾಡಿನಲ್ಲಿ ಶಾಂತವೇರಿ ಗೋಪಾಲಗೌಡರ ಹೆಸರನ್ನು ಇಲ್ಲಿ ನೆನೆಯಬೇಕು. ಕಾಗೋಡು ಸತ್ಯಾಗ್ರಹದ ಮರುವರ್ಷವೇ, 1952ರಲ್ಲಿ, ಅವರು ಶಾಸನಸಭೆಗೆ ಬಂದರು. ಗೇಣಿದಾರನ ಪ್ರಶ್ನೆ ಅವರ ಮೂಲಕ ಗದ್ದೆಯ ಬದುವಿನಿಂದ ಸಭೆಯ ನಡವಳಿಗೆ ಏರಿತು. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ಹಿಂದೆ ಅವರ ಬಾಳಿನ ನೆರಳಿದೆಯೆಂಬುದು ಓದುಗರಿಗೆ ತಿಳಿದದ್ದೇ.

ಖರ್ಚನ್ನು ಪ್ರಶ್ನಿಸಲು ಇನ್ನೊಂದು ಸಾಧನ ಕಡಿತ ಸೂಚನೆ. ಇದರಲ್ಲಿ ಸ್ವಾರಸ್ಯವಾದದ್ದು ಸಾಂಕೇತಿಕ ಕಡಿತ. ಕೋಟ್ಯಂತರ ರೂಪಾಯಿಯ ಬೇಡಿಕೆಯಲ್ಲಿ ‘100 ರೂಪಾಯಿ ಕಡಿಮೆ ಮಾಡಿ’ ಎಂದು ಸದಸ್ಯ ಸೂಚಿಸುತ್ತಾನೆ. ಅವನಿಗೆ ಬೇಕಾದದ್ದು ನೂರು ರೂಪಾಯಿಯಲ್ಲ. ತನ್ನ ಊರಿನ ಕುಡಿಯುವ ನೀರಿನ ಕಷ್ಟವನ್ನೋ ಶಾಲೆಯ ಸೋರುವ ಮಾಡನ್ನೋ ಹೇಳಿಕೊಳ್ಳಲು ಹಕ್ಕಿನ ಹತ್ತು ನಿಮಿಷ. ನೀತಿಯನ್ನೇ ಒಪ್ಪದಿದ್ದರೆ, ಇಡೀ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ ಎನ್ನಬಹುದು. ಕುಂದುಕೊರತೆ ಕೇಳದೆ ಹಣ ಕೊಡುವುದಿಲ್ಲ ಎಂಬ ಹಳೆಯ ಪಾರ್ಲಿಮೆಂಟರಿ ಧರ್ಮದ ನೆನಪು ಈ ನೂರು ರೂಪಾಯಿಯಲ್ಲಿ ಉಳಿದುಬಂದಿದೆ.

ಹಣ ಖರ್ಚಾದ ಮೇಲೆ ಪ್ರಶ್ನೆ ಮುಗಿಯುವುದಿಲ್ಲ. ಕೌಟಿಲ್ಯ ರಾಜಧನವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಎಣಿಸಿದ್ದಾನೆ. ಅವನ ನಂತರ ಎಷ್ಟು ಹೊಸ ಬಗೆಗಳು ಸೇರಿದವೋ! ಇವನ್ನು ಹುಡುಕಲು ಲೆಕ್ಕ ಪರಿಶೋಧನೆಯಿದೆ. ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರ ವರದಿ ಸಭೆಯ ಮುಂದೆ ಬರುತ್ತದೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಹಿಡಿದು ಇಲಾಖೆಯ ಕಾರ್ಯದರ್ಶಿಗಳನ್ನು ಕೂರಿಸಿ ವಿಚಾರಿಸುತ್ತದೆ. ಕೇಂದ್ರದಲ್ಲಿ ಈ ಸಮಿತಿ 1921ರಿಂದ ಇದೆ. 1967ರಿಂದ ವಿರೋಧ ಪಕ್ಷದವರೇ ಅದರ ಅಧ್ಯಕ್ಷರಾಗುವ ಸಂಪ್ರದಾಯ ಬೆಳೆದಿದೆ. ಮಂತ್ರಿಗಳು ಸಭೆಯಲ್ಲಿ ಕೊಟ್ಟ ಮಾತುಗಳನ್ನು ಬರೆದಿಟ್ಟುಕೊಂಡು ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿಯೂ ಇದೆ. ಲೋಕಸಭೆಯಲ್ಲಿ ಅದು 1953ರಲ್ಲಿ ಹುಟ್ಟಿತು. ‘ಪರಿಶೀಲನೆಯಲ್ಲಿದೆ’ ಎಂಬಂಥ ಯಾವ ಯಾವ ಮಾತುಗಳನ್ನು ಭರವಸೆಯೆಂದು ಎಣಿಸಬೇಕೆಂಬುದಕ್ಕೆ ಅಲ್ಲಿ ಒಂದು ಪಟ್ಟಿಯೇ ಉಂಟು. ಕೊಟ್ಟ ಮಾತನ್ನು ಮೂರು ತಿಂಗಳೊಳಗೆ ನಡೆಸಬೇಕು. ನಾರದರ ಬಳಿ ಇಂಥ ಸಮಿತಿ ಇರಲಿಲ್ಲ.

ಇಷ್ಟೆಲ್ಲ ಸಾಧನಗಳಿದ್ದರೂ ಮನಸ್ಸಿಗೆ ನೆಮ್ಮದಿಯಿಲ್ಲ. ಪ್ರಶ್ನೆ ಕೇಳಬೇಕಾದರೆ ಮೊದಲು ಸಭೆ ಕೂಡಬೇಕು. ಮೊದಲನೆಯ ಲೋಕಸಭೆ ತನ್ನ ಐದು ವರ್ಷಗಳಲ್ಲಿ 677 ದಿನ ಕುಳಿತಿತ್ತು. 2024ರಲ್ಲಿ ಅವಧಿ ಮುಗಿಸಿದ ಹದಿನೇಳನೆಯ ಲೋಕಸಭೆ ಕುಳಿತದ್ದು 274 ದಿನ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರಲ್ಲಿ ಕಾಯಿದೆಯನ್ನೇ ಮಾಡಿಕೊಂಡೆವು. ಬಹುತೇಕ ವರ್ಷಗಳಲ್ಲಿ ಆ ಸಂಖ್ಯೆಯನ್ನು ಮುಟ್ಟಿಲ್ಲ. ಕುಳಿತ ದಿನಗಳಲ್ಲಿಯೂ ಗದ್ದಲವೆದ್ದು ಪ್ರಶ್ನೋತ್ತರದ ಗಂಟೆಯೇ ಕೊಚ್ಚಿಹೋಗುವುದುಂಟು. ಇದರಿಂದ ಸಂಕಟ ತಪ್ಪುವುದು ಮಂತ್ರಿಗಳಿಗೆ, ನಷ್ಟವಾಗುವುದು ತನ್ನ ಊರಿನ ಪ್ರಶ್ನೆಯ ಸರದಿ ಕಾದಿದ್ದ ಸದಸ್ಯನಿಗೆ. ಆಯವ್ಯಯದ ಚರ್ಚೆಯ ಕೊನೆಯ ದಿನ, ಚರ್ಚೆಯಾಗದೆ ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೇ ಮತಕ್ಕೆ ಹಾಕಿ ಮುಗಿಸುವ ಪದ್ಧತಿಯಿದೆ. ಅದಕ್ಕೆ ಗಿಲೋಟಿನ್ ಎಂದು ಹೆಸರು. ಶಿರಚ್ಛೇದದ ಯಂತ್ರದ ಹೆಸರೇ ಸರಿಯಾಗಿ ಒಪ್ಪುತ್ತದೆ.

ಪ್ರಶ್ನೋತ್ತರದ ಗಂಟೆಯನ್ನು ಸಂಕಟಕಾಲದಲ್ಲಿ ಬದಿಗಿಟ್ಟದ್ದೂ ಉಂಟು. 1962ರ ಚೀನಾ ಯುದ್ಧದ ಸಮಯದಲ್ಲಿ, 1975ರ ತುರ್ತುಪರಿಸ್ಥಿತಿಯಲ್ಲಿ, 2020ರ ಕೋವಿಡ್ ಕಾಲದ ಮುಂಗಾರು ಅಧಿವೇಶನದಲ್ಲಿ ಹೀಗಾಯಿತು. ಕೊನೆಯ ಸಲ ಲಿಖಿತ ಉತ್ತರಗಳು ಮಾತ್ರ ಉಳಿದವು. ಒಂದೊಂದು ಸಲವೂ ಕಾರಣ ಬೇರೆ. ಆದರೆ ಸಂಕಟದ ಕಾಲದಲ್ಲಿಯೇ ಖರ್ಚು ಹೆಚ್ಚು, ಆತುರ ಹೆಚ್ಚು, ಆದ್ದರಿಂದ ಪ್ರಶ್ನೆಯ ಅಗತ್ಯವೂ ಹೆಚ್ಚು ಎಂಬುದನ್ನು ಮರೆಯಲಾಗದು.

ಎಲ್ಲಕ್ಕಿಂತ ನೋವಿನದು ಪ್ರಶ್ನೆಯ ಮಾರಾಟ. 1951ರಲ್ಲಿಯೇ, ವ್ಯಾಪಾರಿ ಸಂಘವೊಂದರಿಂದ ಹಣ ಪಡೆದು ಅದರ ಪರವಾಗಿ ಪ್ರಶ್ನೆ ಕೇಳಿದರೆಂದು ಮುದ್ಗಲ್ ಎಂಬ ಸದಸ್ಯರು ಸ್ಥಾನ ಬಿಡಬೇಕಾಯಿತು. 2005ರ ಡಿಸೆಂಬರಿನಲ್ಲಿ ಇದೇ ಬಗೆಯ ಆರೋಪದ ಮೇಲೆ ಸಂಸತ್ತು ತನ್ನ 11 ಸದಸ್ಯರನ್ನು ಹೊರಹಾಕಿತು. ಜನ ನಂಬಿ ಕೊಟ್ಟ ಧ್ವನಿಯನ್ನು ಬಾಡಿಗೆಗೆ ಕೊಟ್ಟಂತಾಯಿತು. ಆದರೆ ಸಭೆಯೇ ಅದನ್ನು ಸಹಿಸದೆ ದಂಡಿಸಿತೆಂಬುದೂ ಅಷ್ಟೇ ನಿಜ.

ಅದೇ 2005ನೆಯ ಇಸವಿಯಲ್ಲಿ ಮತ್ತೊಂದು ಕೆಲಸ ನಡೆಯಿತು. ಮಾಹಿತಿ ಹಕ್ಕಿನ ಕಾಯಿದೆ ಬಂತು. ಕರ್ನಾಟಕದಲ್ಲಿ ಅದಕ್ಕೂ ಮುಂಚೆಯೇ, 2000ದಲ್ಲಿ, ಇಂಥ ಕಾಯಿದೆಯಾಗಿತ್ತು. ಕೇಂದ್ರದ ಕಾಯಿದೆ ಬಂದಾಗ ಅದರಲ್ಲಿ ಒಂದು ಮಾತಿತ್ತು: ಸಂಸತ್ತಿಗೆ ಅಥವಾ ರಾಜ್ಯದ ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ. ಅಂದರೆ ಕೇಳುವ ವಿಷಯದಲ್ಲಿ ಕಾಯಿದೆ ಪ್ರಜೆಯನ್ನು ಶಾಸಕನ ಪಕ್ಕದಲ್ಲಿಯೇ ಕೂರಿಸಿತು. ಆದರೂ ಇವರಿಬ್ಬರ ಕೆಲಸ ಒಂದೇ ಅಲ್ಲ. ನಾವು ಕೇಳಿದರೆ ಕಾಗದ ದೊರೆಯುತ್ತದೆ. ಶಾಸಕ ಕೇಳಿದರೆ ಮಂತ್ರಿ ಎದ್ದುನಿಲ್ಲಬೇಕು. ಉತ್ತರ ತೃಪ್ತಿಯಾಗದಿದ್ದರೆ ಹಣಕ್ಕೆ ಒಪ್ಪಿಗೆ ಕೊಡುವ ಹೊತ್ತಿನಲ್ಲಿ ಕೈ ಬಿಗಿಹಿಡಿಯುವ ಅಧಿಕಾರ ಅವನ ಸಭೆಗಿದೆ.

ಆದ್ದರಿಂದ ಆ ಅಧಿಕಾರವನ್ನು ಜಾಗೃತವಾಗಿ ಇಡುವುದು ನಮ್ಮ ಕೆಲಸವೂ ಹೌದು. ಭಿಂಗಾದ ರಾಜರ ಪ್ರಶ್ನೆಯ ಹಿಂದೆ ಹಳ್ಳಿಯ ಅಂಗಡಿಕಾರರ ಗೋಳಿತ್ತು. ನಮ್ಮ ಶಾಸಕರಿಗೆ ನಾವು ಬರೆಯುವ ಪತ್ರಗಳಲ್ಲಿ ವರ್ಗಾವಣೆಯ ಶಿಫಾರಸು ಎಷ್ಟು, ಊರಿನ ಆಸ್ಪತ್ರೆಯ ಔಷಧದ ಲೆಕ್ಕ ಕೇಳಿರೆಂಬ ಕೋರಿಕೆ ಎಷ್ಟು? ಮದುವೆ ಮುಂಜಿಗಳಿಗೆ ಬಂದ ಶಾಸಕರನ್ನು ಮೆಚ್ಚುವ ನಾವು, ಈ ಅಧಿವೇಶನದಲ್ಲಿ ಅವರು ಎಷ್ಟು ಪ್ರಶ್ನೆ ಕೇಳಿದರೆಂದು ವಿಚಾರಿಸಿದ್ದೇವೆಯೇ? ಅವರ ಪ್ರಶ್ನೆಗಳೂ ಮಂತ್ರಿಗಳ ಉತ್ತರಗಳೂ ಅಚ್ಚಾಗಿ, ಯಾರು ಬೇಕಾದರೂ ಓದುವಂತೆ ದೊರೆಯುತ್ತವೆ. ನಿಮ್ಮ ತಾಲ್ಲೂಕಿನ ಹೆಸರಿರುವ ಒಂದು ಉತ್ತರವನ್ನು ಒಮ್ಮೆ ಓದಿ ನೋಡಿ. ಅದರಲ್ಲಿ ಕಾಣುವ ಕೆರೆ ತುಂಬಿದೆಯೇ, ಶಾಲೆಯ ಮಾಡು ಸೋರುತ್ತಿಲ್ಲವೇ ಎಂಬುದನ್ನು ಹೋಗಿ ನೋಡಿ ಬನ್ನಿ. ಬರೆದದ್ದಕ್ಕೂ ಕಂಡದ್ದಕ್ಕೂ ವ್ಯತ್ಯಾಸವಿದ್ದರೆ, ಮುಂದಿನ ಅಧಿವೇಶನದ ಉಪಪ್ರಶ್ನೆ ನಿಮ್ಮ ಕೈಯಲ್ಲಿಯೇ ಇದೆ.